ಹೊಳೆದಂಡೆಯ ನಾಲ್ಕು ನಿಮಿಷ

"ಮಾವಾ, ತಮ್ಮ ಮುಳುಗ್ದ!"

ಅಕ್ಕನ ಮಗಳ ಕೂಗು ಕಿವಿಗೆ ಬಿದ್ದಾಗ ನಾನು ಕೊಣನೂರಿನ ತೂಗುಸೇತುವೆಯ ಕೆಳಗಿದ್ದೆ. ಮಳೆಗಾಲ ಕಳೆದರೂ ಕಾವೇರಿಯ ಸೆಳೆತ ಇಳಿದಿರಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಂದು ಪುಟ್ಟ ಚಪ್ಪಲಿ, ಇನ್ನೊಂದು ನೀರಲ್ಲಿ ಗಿರಗಿರ ಸುತ್ತುತ್ತಿತ್ತು. ಹತ್ತು ಮಾರು ಆಚೆ ತಲೆಯೊಂದು ಎದ್ದಿತು, ಬಾಯಿ ತೆರೆಯಿತು. ಸದ್ದೇ ಇಲ್ಲ. ಮುಳುಗುವ ಮಗು ಸಿನಿಮಾದಲ್ಲಿ ತೋರಿಸುವಂತೆ ಕೂಗುವುದಿಲ್ಲ. ಉಸಿರಿಗೇ ಬಿಡುವಿಲ್ಲದ ಬಾಯಿಗೆ ಕೂಗಲು ಹೊತ್ತೆಲ್ಲಿ?

ಲುಂಗಿ ಎತ್ತಿಕಟ್ಟಿ ಧುಮುಕಲು ಹೊರಟೆ. ಭಾವ ರಟ್ಟೆ ಹಿಡಿದು ಹಿಂದಕ್ಕೆಳೆದರು. "ಬ್ಯಾಡ ಕಣೋ, ಸುಳಿ ಐತೆ! ಹಗ್ಗ ತಾ!" ಮುಳುಗುತ್ತಿರುವುದು ಅವರದೇ ಮಗ. ಆದರೂ ಆ ಕ್ಷಣದಲ್ಲಿ ಬುದ್ಧಿ ನೆಟ್ಟಗಿದ್ದದ್ದು ಅವರೊಬ್ಬರಿಗೇ. ಎತ್ತಿನ ಹಗ್ಗದ ಒಂದು ತುದಿ ಅವರ ಸೊಂಟಕ್ಕೆ, ಇನ್ನೊಂದು ನಾಲ್ವರ ಕೈಗೆ. ಎದೆಮಟ್ಟ, ಕತ್ತುಮಟ್ಟ... ಅಂಗಿಯ ಕಾಲರ್ ಸಿಕ್ಕಿತು. ಎಳೆದೆವು.

ಒಂಬತ್ತು ವರ್ಷದ ಹುಡುಗ. ತುಟಿ ನೇರಳೆಹಣ್ಣಿನ ಬಣ್ಣ. ಎದೆ ಏಳುತ್ತಿಲ್ಲ.

ಯಾರೋ ಕಾಲು ಹಿಡಿದು ತಲೆಕೆಳಗೆ ಮಾಡಲು ಬಂದರು, ಇನ್ಯಾರೋ ಹೊಟ್ಟೆ ಅಮುಕಲು. "ಉಪ್ಪು ತನ್ನಿ, ಉಪ್ಪಲ್ಲಿ ಹೂತರೆ ಬದುಕ್ತಾನೆ!" ಎಂದಿತೊಂದು ದನಿ. ನನ್ನ ಬೆನ್ನುಹುರಿಯಲ್ಲಿ ಚಳಿ ಹರಿಯಿತು. ಮೊಬೈಲಿನಲ್ಲಿ ಹರಿದಾಡಿದ ಆ ಸುಳ್ಳನ್ನು ನಂಬಿ 2022ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮುಳುಗಿದ ಬಾಲಕನನ್ನು ಗಂಟೆಗಟ್ಟಲೆ ಉಪ್ಪಿನ ರಾಶಿಯಲ್ಲಿ ಮಲಗಿಸಿದ್ದರು. ಮರುವರ್ಷ ಹಾವೇರಿ ಜಿಲ್ಲೆಯಲ್ಲೂ ಅದೇ ಆಯಿತು. ಹೆತ್ತವರನ್ನು ಹೇಗೆ ಬೈಯಲಿ? ಉಪ್ಪಿನ ಸುದ್ದಿ ಅವರನ್ನು ತಲುಪಿತ್ತು, ಉಸಿರಿನ ಸುದ್ದಿ ತಲುಪಿರಲಿಲ್ಲ.

"ದೂರ ಸರೀರಿ! ಅಕ್ಕಾ, 108ಕ್ಕೆ ಫೋನ್ ಮಾಡು, ಸ್ಪೀಕರ್ ಹಾಕು!"

ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿದೆ. ಹಣೆ ಹಿಂದಕ್ಕೆ, ಗದ್ದ ಮೇಲಕ್ಕೆ. ಮೂಗು ಹಿಡಿದು, ಅವನ ಬಾಯಿಗೆ ಬಾಯಿ ಒತ್ತಿ ಊದಿದೆ. ಹೊಳೆಯ ಕೆಸರಿನ ರುಚಿ. ಎದೆ ಉಬ್ಬಿತು. ಹೀಗೆ ಐದು ಸಲ. ಮುಳುಗಿದವರಿಗೆ ಮೊದಲು ಬೇಕಾದ್ದು ಗಾಳಿಯೇ, ಗಾಳಿ ಸಿಗದೆ ತಾನೆ ಅವರ ಹೃದಯ ನಿಲ್ಲುವುದು! ಹೊಟ್ಟೆ ಅಮುಕಿದರೆ ಒಳಗಿನದೆಲ್ಲ ಉಕ್ಕಿ ಶ್ವಾಸಕೋಶಕ್ಕೇ ನುಗ್ಗುತ್ತದೆ. ಉಸಿರಿಲ್ಲದೆ ನಾಲ್ಕೈದು ನಿಮಿಷ ಕಳೆದರೆ ಮೆದುಳು ಸಾಯಲು ತೊಡಗುತ್ತದೆ, ಯಾವ ಆಂಬುಲೆನ್ಸ್ ಅಷ್ಟರಲ್ಲಿ ಹೊಳೆದಂಡೆಗೆ ಬಂದೀತು?

ಐದೂ ಆಯಿತು. ಅವನು ಮಿಸುಕಲಿಲ್ಲ. ಅಂಗೈಯ ಬುಡವನ್ನು ಎದೆಯ ನಡುಮೂಳೆಯ ಕೆಳಭಾಗದ ಮೇಲಿಟ್ಟೆ. ಒಂದು, ಎರಡು, ಮೂರು... ಎದೆಯ ದಪ್ಪದಲ್ಲಿ ಮೂರನೇ ಒಂದು ಪಾಲು, ಸುಮಾರು 5 ಸೆಂಟಿಮೀಟರ್ ಇಳಿಯುವಷ್ಟು ಒತ್ತಬೇಕು. ಪ್ರತಿ ಸಲ ಎದೆ ಪೂರ್ತಿ ಮೇಲೇಳಲು ಬಿಡಬೇಕು. ನಿಮಿಷಕ್ಕೆ 100ರಿಂದ 120ರ ವೇಗ. ಮೂವತ್ತು ಒತ್ತು, ಎರಡು ಉಸಿರು. ಮತ್ತೆ ಮೂವತ್ತು. ಬರೀ ಕೈಯಿಂದ ಹೀಗೆ ಒತ್ತಿ ರಕ್ತ ಹರಿಸಬಹುದೆಂದು ಅಮೆರಿಕದ ಬಾಲ್ಟಿಮೋರ್‌ನ ಕೌವೆನ್‌ಹೋವನ್ ಮತ್ತು ಸಂಗಡಿಗರು ಜಗತ್ತಿಗೆ ತೋರಿಸಿದ್ದು 1960ರಲ್ಲಿ. ನಾನು ಕಲಿತದ್ದು ಕೆಲಸದ ಜಾಗದಲ್ಲಿ, ರಬ್ಬರ್ ಬೊಂಬೆಯ ಮೇಲೆ, ಒಂದೇ ಮಧ್ಯಾಹ್ನ. ಬೊಂಬೆಗೆ ಅಕ್ಕ ಇರಲಿಲ್ಲ. ಇಲ್ಲಿ ಅಕ್ಕ ತಲೆದೆಸೆಯಲ್ಲಿ ಕೂತು, "ಏಳೋ ಕಂದಾ" ಎನ್ನುತ್ತಿದ್ದಳು.

ತೋಳು ಸೋತಿತು. ಬೆವರು ಕಣ್ಣಿಗಿಳಿಯಿತು. "ನಾನು ಒತ್ತಲಾ?" ಎಂದರು ಭಾವ. ಕೈ ಎಲ್ಲಿಡಬೇಕೆಂದು ತೋರಿಸಿದೆ. ಹೆತ್ತ ಮಗನ ಎದೆಯನ್ನು ಅಷ್ಟು ಜೋರಾಗಿ ಒತ್ತುವುದಕ್ಕೆ ಯಾವ ಗಂಡೆದೆ ಬೇಕೋ! ಅವರು ಒತ್ತಿದರು, ನಾನು ಊದಿದೆ. ಮೂವತ್ತು, ಎರಡು. ಮೂವತ್ತು, ಎರಡು.

ಗೊರ್... ಎಂದಿತು ಗಂಟಲು.

ತಕ್ಷಣ ಪಕ್ಕಕ್ಕೆ ಹೊರಳಿಸಿದೆವು. ನೀರು, ಅನ್ನ, ನೊರೆ ಬಂತು. ಬಾಯೊಳಗೆ ಕಾಣುತ್ತಿದ್ದುದನ್ನು ಬೆರಳಿಂದ ತೆಗೆದೆ. ಕೆಮ್ಮು. ಆಮೇಲೆ ಒಂದು ಉಸಿರು, ಹರಿದ ಬಟ್ಟೆಯಂಥದು. ಇನ್ನೊಂದು. ಅವನನ್ನು ಪಕ್ಕಕ್ಕೇ ಮಲಗಿಸಿ, ಒದ್ದೆ ಅಂಗಿ ಬಿಚ್ಚಿ, ಅಕ್ಕನ ಸೆರಗು ಸುತ್ತಿದೆವು. ಆಂಬುಲೆನ್ಸಿನ ಸದ್ದು ಸೇತುವೆಯ ಕಡೆಯಿಂದ ಕೇಳಿಸಿತು.

ಎದ್ದು ಕೂತರೂ ಮನೆಗೆ ಕರೆದೊಯ್ಯುವಂತಿಲ್ಲ, ನೀರು ಕುಡಿದ ಶ್ವಾಸಕೋಶ ಗಂಟೆಗಳ ನಂತರವೂ ಕೈಕೊಡಬಹುದು. ಹಾಸನದ ಆಸ್ಪತ್ರೆಯಲ್ಲಿ ಎರಡು ರಾತ್ರಿ ಇಟ್ಟುಕೊಂಡರು.

ಮೂರನೇ ದಿನ ಜಗಲಿಯ ಮೇಲೆ ಅಂಗಿ ಎತ್ತಿ ತೋರಿಸಿದ. ಎದೆಯ ನಡುವೆ ಅಂಗೈಯಗಲ ಕಂದುಗಟ್ಟಿತ್ತು.

"ಮಾವ, ಇಲ್ಲಿ ನೋಯ್ತದೆ."

ಅಕ್ಕ ಅವತ್ತು ಮೊದಲ ಬಾರಿಗೆ ಬಿಕ್ಕಿ ಬಿಕ್ಕಿ ಅತ್ತಳು.