ಹೊಸ ವಿಂಡೋಸೂ ಹಳೆಯ ಯಂತ್ರವೂ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ದುರಸ್ತಿ ನಿಂತಿತು. ಇನ್ನು ಯಂತ್ರವನ್ನೇ ಬದಲಾಯಿಸಬೇಕೆಂದು ಮಗನು ಹೇಳಿದಾಗ ನಿವೃತ್ತ ಉಪಾಧ್ಯಾಯರಾದ ರಾಯರು ಕೇಳಿದುದು ಒಂದೇ ಮಾತು: "ಇದಕ್ಕೇನಾಗಿದೆಯೋ?" ಮುದುಕರ ಹಟವೆಂದು ನಕ್ಕುಬಿಡುವುದು ಸುಲಭ, ಉತ್ತರ ಕೊಡುವುದು ಅಷ್ಟು ಸುಲಭವಲ್ಲ.

ಕೈಗೆ ರೂಢಿಯಾದುದನ್ನು ಸುಮ್ಮಸುಮ್ಮನೆ ಕಸಿದ ಉದಾಹರಣೆ ಈ ವಂಶದಲ್ಲಿಯೇ ಉಂಟು. 1995ರಿಂದ ಪರದೆಯ ಕೆಳಮೂಲೆಯಲ್ಲಿದ್ದ ಸ್ಟಾರ್ಟ್ ಗುಂಡಿಯನ್ನು 2012ರ ವಿಂಡೋಸ್ 8 ತೆಗೆದುಹಾಕಿತು. ಬೆರಳಿನಿಂದ ಮುಟ್ಟುವ ಪರದೆಗೆ ಒಪ್ಪುವ ದೊಡ್ಡ ಚೌಕಗಳನ್ನು ಮೌಸು ಹಿಡಿದು ಮೇಜಿನ ಮುಂದೆ ಕುಳಿತವರ ಮೇಲೂ ಹೇರಿತು. ಜನರು ಗೊಣಗಿದರು. ಮರುವರ್ಷವೇ 8.1ರಲ್ಲಿ ಗುಂಡಿ ಹಿಂದಿರುಗಿತು. ಹಾಗೆ ಹಿಂತೆಗೆದುಕೊಂಡುದನ್ನು ಸುಧಾರಣೆಯೆಂದು ಯಾರು ಕರೆದಾರು? ಯಂತ್ರದ ಹಸಿವೂ ಬೆಳೆದಿದೆ. 2001ರ ಎಕ್ಸ್‌ಪಿ 64 ಮೆಗಾಬೈಟ್ ಮೆಮೊರಿಯಲ್ಲಿ ಹೇಗೋ ಜೀವ ಹಿಡಿದೀತು. 2021ರ ವಿಂಡೋಸ್ 11 ಕನಿಷ್ಠ 4 ಗಿಗಾಬೈಟ್, ಎಂದರೆ ಅದರ 64 ಪಟ್ಟು, ಬೇಡುತ್ತದೆ. ರಾಯರು ಬರೆಯುವ ಕಾಗದವಾದರೋ ಆಗಿನಷ್ಟೇ ಉದ್ದ.

ಆದರೂ ತೀರ್ಪು ಕೊಡುವ ಮೊದಲು ಆ ಕಾಗದವನ್ನೇ ನೋಡಬೇಕು, ಅದು ಕನ್ನಡದ್ದು. ವಿಂಡೋಸ್ 98ರ ಕಾಲದಲ್ಲಿ ಯಂತ್ರದ ಕನ್ನಡವೆಂಬುದು ಬರಿಯ ವೇಷ: ಒಳಗೆ ಇಂಗ್ಲಿಷಿನ ಸಂಕೇತ, ಮೇಲೆ ಕನ್ನಡದ ಆಕಾರ. ಆ ಫಾಂಟು ಇಲ್ಲದ ಮನೆಯಲ್ಲಿ ತೆರೆದರೆ ಮದುವೆಯ ಕರೆಯೋಲೆಯೂ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಎಕ್ಸ್‌ಪಿಯು ಯೂನಿಕೋಡ್ ಕನ್ನಡವನ್ನೂ ಅದನ್ನು ತೋರಿಸಲು ತುಂಗಾ ಎಂಬ ಫಾಂಟನ್ನೂ ತಂದಿತು. ಅದನ್ನು ಸಿ.ಡಿ.ಯಿಂದ ಬೇರೆಯಾಗಿ ಹಾಕಿಕೊಳ್ಳಬೇಕಾಗಿತ್ತು, ಆ ಮಾತು ಬೇರೆ. "ಅ" ಎಂಬುದು ಯಂತ್ರದೊಳಗೂ "ಅ"ವೇ ಆಯಿತು. ಕಡತದಲ್ಲಿ ಹೆಸರು ಹುಡುಕುವುದೂ ಅಕಾರಾದಿಯಾಗಿ ಜೋಡಿಸುವುದೂ ಸಾಧ್ಯವಾಯಿತು. ಸ್ಟಾರ್ಟ್ ಗುಂಡಿಗಾಗಿ ಗೊಣಗಿದವರಲ್ಲಿ ಎಷ್ಟು ಮಂದಿ ಇದನ್ನು ಗಮನಿಸಿದರೋ!

ಕಾವಲಿನ ಮಾತು ತುಸು ತೊಡಕಿನದು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಪಿಡುಗು ನಾನಾ ದೇಶಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಅದನ್ನು ತಡೆಯುವ ತೇಪೆ ಮಾರ್ಚ್‌ನಲ್ಲಿಯೇ ವಿಂಡೋಸ್ 7ಕ್ಕೂ ಬಂದಿತ್ತು. ಸಿಕ್ಕಿಬಿದ್ದವರು ಬಹುಮಟ್ಟಿಗೆ ಅದನ್ನು ಹಾಕಿಕೊಳ್ಳದ ವಿಂಡೋಸ್ 7ರವರೇ. ಎಂದರೆ ಹಳೆಯದನ್ನು ಮುಖ ಬದಲಿಸದೆ ಭದ್ರಪಡಿಸಲು ಬರುತ್ತದೆ, ಭದ್ರಪಡಿಸುವವರು ಮನಸ್ಸು ಮಾಡಿದಷ್ಟು ಕಾಲ ಮಾತ್ರ.

ರಾಯರ ಯಂತ್ರ ಗಟ್ಟಿಯಾಗಿಯೇ ಇದೆ. ಟಿಪಿಎಂ 2.0 ಎಂಬ ಭದ್ರತೆಯ ಅಂಗ ಇಲ್ಲದ್ದರಿಂದ ವಿಂಡೋಸ್ 11ಕ್ಕೆ ಅದು ಅಯೋಗ್ಯ. ಮಗನು ಹೊಸದರ ಬೆಲೆ ವಿಚಾರಿಸಿ ಬಂದಿದ್ದಾನೆ. ರಾಯರು ಮಾತ್ರ 98ರ ಕಾಲದ ತಮ್ಮ ಕಡತಗಳನ್ನು ಒಂದೊಂದಾಗಿ ಯೂನಿಕೋಡಿಗೆ ತಿರುಗಿಸುತ್ತ ಕುಳಿತಿದ್ದಾರೆ.