ಬ್ಯಾಟರಿ ಹಿಡಿದವನ ಮಾತು

ನಮ್ಮ ಕೊಪ್ಪದ ಕಡೆ ಟಾರ್ಚು ಎಂದರೆ ಯಾರಿಗೂ ತಿಳಿಯದ ಕಾಲವೊಂದಿತ್ತು. ಕೈಯಲ್ಲಿ ಹಿಡಿಯುವುದು ಬ್ಯಾಟರಿ, ಅದರೊಳಗೆ ತುಂಬುವುದು ಸೆಲ್ಲು. ಎರಡು ಸೆಲ್ಲಿನದು ಮನೆ ಬಳಕೆಗೆ, ಐದು ಸೆಲ್ಲಿನದು ಷಿಕಾರಿಗೆ. ನಮ್ಮ ದೊಡ್ಡಪ್ಪನ ಐದು ಸೆಲ್ಲಿನ ಬ್ಯಾಟರಿ ಜಗಲಿಯ ಗೂಟದಲ್ಲಿ ಕೋವಿಯ ಪಕ್ಕ ನೇತಾಡುತ್ತಿತ್ತು. ಹುಡುಗರು ಕೋವಿ ಮುಟ್ಟುವಂತಿರಲಿಲ್ಲ. ಬ್ಯಾಟರಿ ಮುಟ್ಟಬಹುದಿತ್ತು. ಹಾಗಾಗಿ ಎಪ್ಪತ್ತರ ದಶಕದಲ್ಲಿ, ಹನ್ನೆರಡರಿಂದ ಹದಿನಾರನೆಯ ವಯಸ್ಸಿನವರೆಗೆ, ನಾನು ಎಷ್ಟೋ ರಾತ್ರಿಗಳನ್ನು ಬ್ಯಾಟರಿ ಹಿಡಿದುಕೊಂಡು ಕಳೆದೆ.

ಷಿಕಾರಿಯ ಕತೆ ಹೇಳುವವರೆಲ್ಲ ಕೋವಿ ಹಿಡಿದವರೇ. ಬ್ಯಾಟರಿ ಹಿಡಿದವನನ್ನು ಯಾರೂ ಕೇಳುವುದಿಲ್ಲ. ಆದರೆ ಕಂಡದ್ದು ಅವನೇ. ಈಡು ಹೊಡೆಯುವವನ ಕಣ್ಣು ನಳಿಗೆಯ ತುದಿಯಲ್ಲಿ ನೆಟ್ಟಿರುತ್ತದೆ, ಪ್ರಾಣಿಯ ಕಣ್ಣನ್ನು ನೋಡುತ್ತ ನಿಲ್ಲುವವನು ಬೆಳಕಿನವನು.

ಮಲೆನಾಡಿನಲ್ಲಿ ಬೇಟೆಗೆ ಹಲವು ದಾರಿಗಳಿದ್ದವು. ಹಗಲು ನಾಯಿ ಬಿಟ್ಟು, ಹಳು ನುಗ್ಗಿ, ಕೂಗೆಬ್ಬಿಸಿ ಪ್ರಾಣಿಯನ್ನು ಬಿಲ್ಲಿನವರ, ಅಂದರೆ ಕೋವಿ ಹಿಡಿದು ಕಾದು ನಿಂತವರ, ಕಡೆ ಓಡಿಸುವುದು ಸೋವು. ಹಣ್ಣು ಬೀಳುವ ಮರದ ಮೇಲೆ ಅಟ್ಟಣೆ ಕಟ್ಟಿ, ಕೆಮ್ಮದೆ, ಬೀಡಿ ಸೇದದೆ, ರಾತ್ರಿಯಿಡೀ ಕೂರುವುದು ಮರಸು. ಕುವೆಂಪು ಹುಟ್ಟಿದ್ದು ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ಬೆಳೆದದ್ದು ತೀರ್ಥಹಳ್ಳಿ ಕಡೆಯ ಕುಪ್ಪಳಿಯಲ್ಲಿ. ಅವರ ‘ಮಲೆನಾಡಿನ ಚಿತ್ರಗಳು’ ಓದಿದವರಿಗೆ ಆ ಬೇಟೆಗಳ ಗದ್ದಲ, ಗಮ್ಮತ್ತು ಎರಡೂ ಗೊತ್ತು. ಬ್ಯಾಟರಿ ಬೇಟೆ ಮಾತ್ರ ಆಮೇಲೆ ಬಂದದ್ದು. ಅದಕ್ಕೆ ಊರು ಕೂಡಬೇಕಿಲ್ಲ, ನಾಯಿ ಬೇಡ, ಕಾಯುವ ತಾಳ್ಮೆಯೂ ಬೇಡ. ಇಬ್ಬರಿದ್ದರೆ ಸಾಕು. ಜೀಪಿದ್ದವರು ಜೀಪಿನ ಬ್ಯಾಟರಿಗೆ ವಯರು ಕೊಟ್ಟು ದೊಡ್ಡ ಲೈಟನ್ನೇ ಹಚ್ಚಿಕೊಂಡು ಎಸ್ಟೇಟ್ ರಸ್ತೆಯಲ್ಲಿ ಹೊರಡುತ್ತಿದ್ದರು.

ದೊಡ್ಡಪ್ಪನದು ಮೊದಲು ಕೇಪಿನ ಕೋವಿ. ಮಸಿ ಸುರಿದು, ತೆಂಗಿನ ಕತ್ತ ತುರುಕಿ, ಗಜದಿಂದ ಜಡಿದು, ಗುಂಡು ಹಾಕಿ ಮತ್ತೆ ಕತ್ತ ಜಡಿಯಬೇಕು. ಒಂದು ಈಡು ಮುಗಿದರೆ ಮುಗಿಯಿತು. ಆಮೇಲೆ 12 ಬೋರಿನ ಜೋಡಿ ನಳಿಗೆಯ ತೋಟೆ ಕೋವಿ ಬಂತು. ಆ 12 ಎಂದರೇನೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಒಂದು ಪೌಂಡು ಸೀಸವನ್ನು ಸಮನಾಗಿ 12 ಉಂಡೆ ಮಾಡಿದರೆ ಒಂದು ಉಂಡೆ ಸರಿಯಾಗಿ ಕೂರುವಷ್ಟು ಅಗಲದ ನಳಿಗೆ ಅದು. ದೊಡ್ಡಪ್ಪನಿಗೂ ಇದು ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಎಲ್‌ಜಿ ತೋಟೆ ಹಂದಿಗೆ, ಸಣ್ಣ ಚರೆ ಮೊಲಕ್ಕೆ, ಕಾಡುಕೋಳಿಗೆ ಎಂಬ ಲೆಕ್ಕ.

ಬ್ಯಾಟರಿ ಹಿಡಿಯುವುದಕ್ಕೂ ವಿದ್ಯೆ ಬೇಕು. ಬೆಳಕಿನವನು ಈಡಿನವನ ಬಲ ಭುಜದ ಹಿಂದೆ ಒಂದು ಗೇಣು ಬಿಟ್ಟು ನಿಲ್ಲಬೇಕು. ಬೆಳಕು ನಳಿಗೆಯ ಮೇಲಿಂದ ಹಾದು ತುದಿಯ ಮಣಿಯನ್ನು ಮಿಂಚಿಸಿ ಪ್ರಾಣಿಗೆ ತಾಗಬೇಕು. ಕೈ ನಡುಗಬಾರದು. ಈಡು ಹಾರಿದ ಮೇಲೂ ಬೆಳಕು ಇದ್ದಲ್ಲೇ ಇರಬೇಕು. ಇಷ್ಟಕ್ಕೆ ಮೊದಲು ಇನ್ನೊಂದು ಕೆಲಸವಿದೆ: ಕಣ್ಣು ಓದುವುದು.

ಕತ್ತಲಲ್ಲಿ ಬೆಳಕು ಬೀಸಿದರೆ ಕಾಡೆಲ್ಲ ಕಣ್ಣು. ಹಲವು ಪ್ರಾಣಿಗಳ ಕಣ್ಣಿನ ಹಿಂಬದಿಯಲ್ಲಿ ಕನ್ನಡಿಯಂಥ ಒಂದು ಪೊರೆ ಇರುತ್ತದೆ. ಒಳಗೆ ಹೋದ ಬೆಳಕನ್ನು ಅದು ಇನ್ನೊಮ್ಮೆ ಹಿಂದಕ್ಕೆ ಕಳಿಸುವುದರಿಂದ ಮಂಕು ಬೆಳಕಿನಲ್ಲೂ ಅವಕ್ಕೆ ದಾರಿ ಕಾಣುತ್ತದೆ. ನಮಗೆ ಆ ಪೊರೆ ಇಲ್ಲ. ಹಾಗಾಗಿಯೇ ನಾವು ಬ್ಯಾಟರಿ ಹಿಡಿಯುವವರಾದೆವು, ಅವು ಬ್ಯಾಟರಿಗೆ ಸಿಕ್ಕಿಬೀಳುವವಾದವು. ಕಣ್ಣಿನ ಬಣ್ಣವೊಂದನ್ನೇ ನಂಬಬಾರದು ಎನ್ನುತ್ತಿದ್ದರು ದೊಡ್ಡಪ್ಪ. ನೆಲದಿಂದ ಎಷ್ಟು ಎತ್ತರ, ಎರಡರ ನಡುವೆ ಎಷ್ಟು ಅಂತರ, ಕುಪ್ಪಳಿಸುತ್ತದೋ ತೇಲುತ್ತದೋ, ನಿಂತು ನೋಡುತ್ತದೋ ತಿರುಗಿ ತಿರುಗಿ ನೋಡುತ್ತದೋ. ಮೊಲದ ಕಣ್ಣು ತಲೆಯ ಪಕ್ಕಕ್ಕಿರುವುದರಿಂದ ಹೆಚ್ಚಾಗಿ ಒಂದೇ ಕಾಣುತ್ತದೆ. ಕಡವೆಯದು ಎತ್ತರದಲ್ಲಿ ಅಲುಗದೆ ನಿಲ್ಲುವ ಜೋಡಿ ದೀಪ. ಆದರೆ ಹಟ್ಟಿಗೆ ಬಾರದೆ ಹಾಡ್ಯದಲ್ಲೇ ಉಳಿದ ದನದ ಕಣ್ಣೂ ಹಾಗೆಯೇ. ಕಡವೆಯೆಂದು ಹೊಡೆದು, ಬೆಳಗ್ಗೆ ನೋಡಿದರೆ ಪಕ್ಕದ ಮನೆಯ ಹಾಲು ಕೊಡುವ ದನ ಬಿದ್ದಿದ್ದ ಕತೆ ಮಲೆನಾಡಿನ ಯಾವ ಊರಿನಲ್ಲಿಲ್ಲ?

ಇವೆಲ್ಲಕ್ಕಿಂತ ನನ್ನನ್ನು ಮರುಳು ಮಾಡಿದ್ದು ಜೇಡ. ಬ್ಯಾಟರಿಯನ್ನು ಹಣೆಯ ಹತ್ತಿರ ಹಿಡಿದು ಗದ್ದೆ ಅಂಚಿನ ಹುಲ್ಲಿನ ಮೇಲೆ ಬೆಳಕು ಬಿಟ್ಟರೆ ಸಾಸಿವೆಗಿಂತ ಸಣ್ಣ ಹಸಿರು ಚುಕ್ಕೆಗಳು ನೂರಾರು ಮಿನುಗುತ್ತವೆ. ಮೊದಲ ಸಲ ಇಬ್ಬನಿ ಎಂದುಕೊಂಡಿದ್ದೆ. ಬಗ್ಗಿ ನೋಡಿದರೆ ಒಂದೊಂದು ಚುಕ್ಕೆಯ ಹಿಂದೆಯೂ ನೆಲದ ಮೇಲೆ ಓಡಾಡಿ ಬೇಟೆಯಾಡುವ ಜಾತಿಯ ಒಂದೊಂದು ಜೇಡ. ಅವೂ ನಮ್ಮ ಹಾಗೆ ರಾತ್ರಿ ಷಿಕಾರಿಗೆ ಹೊರಟವೇ. ಇದನ್ನು ಓದುವವರು ಇವತ್ತು ರಾತ್ರಿಯೇ ಹಿತ್ತಲಿಗೆ ಹೋಗಿ ನೋಡಿ. ಕೋವಿ ಬೇಕಿಲ್ಲ.

ಹಂದಿಯ ವಿಷಯಕ್ಕೆ ಬರುತ್ತೇನೆ. ಬ್ಯಾಟರಿ ಬೇಟೆಗೆ ಹೋಗುವವರು ಹೆಚ್ಚಾಗಿ ಹೋಗುವುದು ಹಂದಿಗೇ. ಆದರೆ ಆ ಕನ್ನಡಿ ಪೊರೆ ಹಂದಿಯ ಕಣ್ಣಿನಲ್ಲಿ ಇಲ್ಲ. ಬೆಳಕು ಬಿಟ್ಟರೆ ಕಣ್ಣು ಹೊಳೆಯುವುದಿಲ್ಲ, ಕಾಣುವುದು ಬರೀ ಕಪ್ಪು ಮುದ್ದೆ. ಹಳುವಿನಲ್ಲಿ ಬಗ್ಗಿ ಕೂತ ಮನುಷ್ಯನೂ ಕಪ್ಪು ಮುದ್ದೆಯೇ, ಅವನ ಕಣ್ಣೂ ಹೊಳೆಯುವುದಿಲ್ಲ. ಹಂದಿಯೆಂದು ತಿಳಿದು ಜೊತೆಗಾರನಿಗೇ ಗುಂಡು ಹೊಡೆದ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನಲ್ಲಿ ಬಂದು ಹೋಗುತ್ತದಲ್ಲ, ಅದನ್ನು ಓದಿದಾಗಲೆಲ್ಲ ನನಗೆ ಆ ರಾತ್ರಿ ಬ್ಯಾಟರಿ ಹಿಡಿದಿದ್ದವನ ನೆನಪಾಗುತ್ತದೆ. ಅವನು ಬೆಳಕು ತೋರಿದ್ದಕ್ಕೇ ಇವನು ಹೊಡೆದದ್ದು. ಪೊಲೀಸರು ಕೋವಿಯವನನ್ನು ಕರೆದೊಯ್ಯುತ್ತಾರೆ. ಬ್ಯಾಟರಿಯವನು ಮನೆಗೆ ಬಂದು ಹೇಗೆ ಮಲಗುತ್ತಾನೆ?

ರೈತನ ಸಂಕಟ ನನಗೆ ಗೊತ್ತಿಲ್ಲದ್ದಲ್ಲ. ಕಾರ್ತಿಕದಲ್ಲಿ ತೆನೆ ತೂಗುವ ಗದ್ದೆಗೆ ಹಂದಿ ಹಿಂಡು ಇಳಿದರೆ ತಿನ್ನುವುದಕ್ಕಿಂತ ಹೊರಳಾಡಿ ಹಾಳು ಮಾಡುವುದೇ ಹೆಚ್ಚು. ಬೆಳಗ್ಗೆ ನೋಡಿದರೆ ಗದ್ದೆ ಚಾಪೆ ಹಾಸಿದಂತೆ ಮಲಗಿರುತ್ತದೆ. ಮಾಳದಲ್ಲಿ ಕೂತು ಡಬ್ಬ ಬಡಿದು, ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡವನಿಗೆ ಕಾಡಿನ ಚೆಂದ ಹೇಳಲು ನನಗೆ ನಾಲಿಗೆ ಬರುವುದಿಲ್ಲ. ಬೆಳೆ ರಕ್ಷಣೆಗೆಂದು ಕೊಟ್ಟ ಲೈಸೆನ್ಸಿನ ಕೋವಿಯನ್ನು ಚುನಾವಣೆ ಬಂತೆಂದರೆ ಠಾಣೆಯಲ್ಲಿಟ್ಟು ಬರಬೇಕು. ಹಂದಿಗೇನು ಚುನಾವಣೆ? ನಮ್ಮ ಮನೆಯ ಕೆಳಗಿನ ಗದ್ದೆಯನ್ನೂ ಕೊನೆಗೆ ಅಡಿಕೆ ತೋಟ ಮಾಡಿದೆವು. ಮಾಡಿದ ಮೇಲೆ ಅಡಿಕೆ ಬಂತು, ಆದರೆ ಗದ್ದೆಯ ಜೊತೆ ಏಡಿ ಹೋಯಿತು, ಕಪ್ಪೆ ಹೋಯಿತು. ನರಿ ಹೋದದ್ದೂ ಆಗಲೇ ಎಂಬುದು ನನ್ನ ಲೆಕ್ಕ.

ಆ ನರಿಯ ಮಾತನ್ನು ಹೇಳಬೇಕೆಂದೇ ಇಷ್ಟು ಸುತ್ತಿದೆ.

ನಾನು ಹೈಸ್ಕೂಲಿನಲ್ಲಿದ್ದ ವರ್ಷ ಕೋಳಿಗಳು ಒಂದೊಂದಾಗಿ ಕಾಣೆಯಾಗತೊಡಗಿದವು. ದೊಡ್ಡಮ್ಮ ಪ್ರತಿ ರಾತ್ರಿ ಊಟಕ್ಕೆ ಬಡಿಸುವ ಮುಂಚೆ ಕೇಳುತ್ತಿದ್ದ ಪ್ರಶ್ನೆ ಒಂದೇ: “ಕೋಳಿಗೂಡಿನ ಬಾಗಿಲು ಹಾಕಿದ್ರಾ?” ಹಾಕಿದರೂ ಹೋದವು. ನರಿಯದೇ ಕೆಲಸ ಎಂದು ಎಲ್ಲರೂ ತೀರ್ಮಾನಿಸಿದರು. ಗದ್ದೆಯಾಚೆ ಸೊಪ್ಪಿನಬೆಟ್ಟದಲ್ಲಿ ಮುಸ್ಸಂಜೆಗೆ ಒಂದು ಊಳಿಟ್ಟರೆ ಇನ್ನೊಂದು ಸೇರಿ, ಮತ್ತೊಂದು ಸೇರಿ, ಕಣಿವೆಯೆಲ್ಲ ತುಂಬುವ ಕೂಗು. ನರಿ ಕೂಗು ಗಿರಿ ಮುಟ್ಟೀತೇ ಎಂದು ಗಾದೆ ಕಟ್ಟಿದವರು ನಮ್ಮೂರಿಗೆ ಬಂದವರಲ್ಲ. ಅದು ಗಿರಿ ಮುಟ್ಟಿ ವಾಪಸು ಬರುವುದನ್ನು ನಾನು ಕೇಳಿದ್ದೇನೆ.

ಜೂನ್ ತಿಂಗಳು, ಮಳೆ ಒಂದು ಗಳಿಗೆ ಬಿಟ್ಟಿತ್ತು. ರಾತ್ರಿ ದೊಡ್ಡಪ್ಪನ ಹಿಂದೆ ನಿಂತು ಗದ್ದೆ ಅಂಚಿನ ಮೇಲೆ ಬೆಳಕು ಬಿಟ್ಟೆ. ಮೊಣಕಾಲೆತ್ತರದಲ್ಲಿ ಎರಡು ಕಣ್ಣು. ಅದು ಓಡಲಿಲ್ಲ, ತಲೆ ತಗ್ಗಿಸಿ ಏನನ್ನೋ ಕಡಿಯಿತು. ಕರಕ್ ಎಂಬ ಸದ್ದು ನಮಗೆ ಕೇಳಿತು. ಮತ್ತೆ ತಲೆ ಎತ್ತಿತು. ಒದ್ದೆಯಾಗಿ ಮೈಗಂಟಿದ ಕೂದಲು, ನಾನು ಎಣಿಸಿದ್ದಕ್ಕಿಂತ ಬಹಳ ಬಡಕಲು ದೇಹ, ಬಾಯಿಯ ಪಕ್ಕದಲ್ಲಿ ಜೋಲುತ್ತಿದ್ದ ಏಡಿಯ ಒಂದು ಕೊಂಡಿ. ನನ್ನ ಕೈ ನಡುಗಲಿಲ್ಲ. ನಡುಗಬಾರದೆಂದು ಕಲಿಸಿದ್ದರಲ್ಲ. ಈಡು ಹಾರಿತು.

ಬೆಳಗ್ಗೆ ಊರಿನ ಇಬ್ಬರು ನರಿಕೊಂಬು ಹುಡುಕಲು ಬಂದರು. ನರಿಯ ತಲೆಯಲ್ಲಿ ಸಣ್ಣ ಕೊಂಬಿರುತ್ತದೆ, ಅದು ಸಿಕ್ಕಿದವನಿಗೆ ಅದೃಷ್ಟ ಎಂಬ ನಂಬಿಕೆ. ನರಿ ಮುಖ ನೋಡಿ ಎದ್ದರೆ ಒಳ್ಳೆಯದಾಗುತ್ತದೆ ಎನ್ನುವವರೂ ಅವರೇ. ತಲೆಬುರುಡೆಯನ್ನೆಲ್ಲ ಸವರಿ ನೋಡಿದರು. ಕೊಂಬಿರಲಿಲ್ಲ. ಯಾವ ನರಿಗೂ ಇರುವುದಿಲ್ಲ. ಇದ್ದರೆ ಬಿಡಬಾರದೆಂದು ಹೊಟ್ಟೆಯನ್ನೂ ಬಗೆದರು. ಏಡಿ ಚಿಪ್ಪಿನ ಚೂರುಗಳು, ಇಲಿಯ ಕೂದಲು, ಎರಡು ಹಲಸಿನ ಬೀಜ. ಕೋಳಿಯ ಒಂದು ಪುಕ್ಕವೂ ಇರಲಿಲ್ಲ. ದೊಡ್ಡಪ್ಪ ಬಹಳ ಹೊತ್ತು ಆ ಹಲಸಿನ ಬೀಜಗಳನ್ನೇ ನೋಡುತ್ತ ಕೂತಿದ್ದರು. ಆಮೇಲೂ ಕೋಳಿ ಹೋಗುವುದು ನಿಲ್ಲಲಿಲ್ಲ. ದೊಡ್ಡಪ್ಪ ಮಾತ್ರ ಮತ್ತೆ ನರಿಗೆ ಕೋವಿ ಎತ್ತಲಿಲ್ಲ, ನಾನೂ ಬ್ಯಾಟರಿ ಹಿಡಿದು ಅವರ ಹಿಂದೆ ಹೋಗಲಿಲ್ಲ.

ಕಾನೂನು ಆಗಲೇ ಬಂದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮೊದಲಿಗೆ ಲೈಸೆನ್ಸಿನ ಬೇಟೆಗೆ ಸ್ವಲ್ಪ ಜಾಗ ಬಿಟ್ಟಿತ್ತು. ಆಗಲೂ ರಾತ್ರಿ ಬೇಟೆಯನ್ನೂ ಕೃತಕ ಬೆಳಕಿನ ಬೇಟೆಯನ್ನೂ ಅದು ತಡೆದಿತ್ತು. ನಿದ್ದೆಗೂ ಮೇವಿಗೂ ಮರೆಗೂ ಇರುವ ಕತ್ತಲನ್ನು ಕಸಿದು ಹೊಡೆಯುವುದು ಬೇಟೆಯಲ್ಲ ಎಂದು ಹಳೆಯ ಷಿಕಾರಿಯವರೂ ಒಪ್ಪುತ್ತಿದ್ದರು. 1991ರ ತಿದ್ದುಪಡಿ ಲೈಸೆನ್ಸಿನ ಬಾಗಿಲನ್ನೂ ಮುಚ್ಚಿತು. 2022ರ ತಿದ್ದುಪಡಿಯಲ್ಲಿ ನರಿ ಮೊದಲನೆಯ ಪರಿಚ್ಛೇದಕ್ಕೇ ಏರಿದೆ, ಹುಲಿ ಇರುವ ಪಟ್ಟಿ ಅದು. ಆದರೂ ಎನ್‌.ಆರ್‌. ಪುರದ ಭದ್ರಾ ಹಿನ್ನೀರಿನ ದಡದಲ್ಲೋ ಕೊಪ್ಪದ ಕಾಫಿ ತೋಟದಂಚಿನಲ್ಲೋ ನಡುರಾತ್ರಿ ಈಡಿನ ಸದ್ದು ಕೇಳುವುದು ನಿಂತಿಲ್ಲ. ಈಗ ಹಣೆಗೆ ಕಟ್ಟುವ ಎಲ್‌ಇಡಿ ಲೈಟಿದೆ. ನಮ್ಮ ಐದು ಸೆಲ್ಲಿನ ಹಳದಿ ಬೆಳಕು ಗದ್ದೆ ದಾಟುವಷ್ಟರಲ್ಲಿ ಸುಸ್ತಾಗುತ್ತಿತ್ತು, ಇದು ಎದುರು ಗುಡ್ಡದ ಎಲೆ ಎಣಿಸುತ್ತದೆ. ಎನ್‌.ಆರ್‌. ಪುರದ ತೋಟಗಳಿಗೆ ಈಚೆಗೆ ಆನೆಗಳೂ ಇಳಿಯುತ್ತಿವೆ. ಅಲ್ಲಿನವರು ಬೆಳಕು ಹಿಡಿಯುವುದು ಜೀವ ಉಳಿಸಿಕೊಳ್ಳುವುದಕ್ಕೆ. ಅದರ ಮಾತೇ ಬೇರೆ.

ಪ್ರಾಣಿಗೆ ಅಭಯವಿರುವ ಜಾಗವೂ ನಮ್ಮ ಸೀಮೆಯಲ್ಲಿದೆ. ಶೃಂಗೇರಿಗೆ ಹೋದಾಗಲೆಲ್ಲ ನಾನು ತುಂಗೆಯ ಮೆಟ್ಟಿಲಿಳಿದು ಕಪ್ಪೆ ಶಂಕರನ ಹತ್ತಿರ ಒಂದು ಗಳಿಗೆ ನಿಲ್ಲುತ್ತೇನೆ. ಸುಡುಬಿಸಿಲಿನಲ್ಲಿ ಹೆರಿಗೆಗೆ ಕೂತ ಕಪ್ಪೆಗೆ ನಾಗರಹಾವು ಹೆಡೆ ಬಿಚ್ಚಿ ನೆರಳು ಹಿಡಿದದ್ದನ್ನು ಶಂಕರಾಚಾರ್ಯರು ಕಂಡ ಜಾಗ ಅದೆಂಬುದು ಐತಿಹ್ಯ. ಹತ್ತಿರದ ಕಿಗ್ಗದಲ್ಲಿರುವ ದೇವರು ಋಷ್ಯಶೃಂಗ, ಜಿಂಕೆಯ ಹೊಟ್ಟೆಯಲ್ಲಿ ಹುಟ್ಟಿ ಹಣೆಯಲ್ಲಿ ಕೊಂಬು ಹೊತ್ತವನು. ಮಳೆ ಬೇಕೆಂದರೆ ನಾವು ಬೇಡುವುದು ಆ ಜಿಂಕೆಯ ಮಗನನ್ನು. ಶೃಂಗೇರಿ ದೇವಸ್ಥಾನದ ಕೆಳಗೆ ತುಂಗೆಯಲ್ಲಿ ಸೇರುವ ಮೀನುಗಳನ್ನು ಯಾರೂ ಮುಟ್ಟುವುದಿಲ್ಲ. ಅವು ಕೈಯಿಂದಲೇ ಮಂಡಕ್ಕಿ ತಿನ್ನುತ್ತವೆ. ಅದೇ ತುಂಗೆ ಇನ್ನೊಂದಿಷ್ಟು ಮುಂದೆ ಹರಿದರೆ ಮೀನು ಮನುಷ್ಯನ ನೆರಳು ಕಂಡು ಓಡುತ್ತದೆ. ಭಯ ಮೀನಿನ ರಕ್ತದಲ್ಲಿ ಬಂದದ್ದಲ್ಲ, ದಡದಲ್ಲಿ ನಿಂತವರಿಂದ ಬಂದದ್ದು ಎಂದು ನನಗೆ ಅಲ್ಲಿ ನಿಂತಾಗ ಅನಿಸುತ್ತದೆ.

ದೊಡ್ಡಪ್ಪನ ಮೊಮ್ಮಗಳು ಈಗ ಅಮೆರಿಕದ ಕೊಲರಾಡೊದಲ್ಲಿದ್ದಾಳೆ. ಅವಳ ಮನೆಯ ಹಿಂದಿನ ಬಯಲಿಗೆ ಕಯೋಟಿ ಬರುತ್ತವಂತೆ. ನಮ್ಮ ನರಿಗೆ ದಾಯಾದಿ, ಮೈಕಟ್ಟು ಸ್ವಲ್ಪ ದೊಡ್ಡದು. ಆ ದೇಶದ ಹಲವು ರಾಜ್ಯಗಳಲ್ಲಿ ರಾತ್ರಿ ಬೆಳಕು ಹಿಡಿದು ಕಯೋಟಿ ಹೊಡೆಯುವುದಕ್ಕೆ ಅನುಮತಿಯುಂಟು. ಸಾಯುವ ಮೊಲದ ಕಿರುಚಾಟವನ್ನು ಯಂತ್ರದಲ್ಲಿ ನುಡಿಸಿ, ಹತ್ತಿರ ಕರೆದು ಹೊಡೆಯುತ್ತಾರೆ. ನೂರು ವರ್ಷಕ್ಕೂ ಮೇಲ್ಪಟ್ಟು ಗುಂಡು, ವಿಷ, ಬೋನು ಎಲ್ಲ ಹಾಕಿದರೂ ಅದು ಕಡಿಮೆಯಾಗಲಿಲ್ಲ. ಗುಂಪು ಒಡೆದರೆ ಉಳಿದವು ಬೇಗ ಜೋಡಿಯಾಗಿ ಹೆಚ್ಚು ಮರಿ ಹಾಕುತ್ತವೆ. ಹೊಡೆದಷ್ಟೂ ಹರಡಿ ಈಗ ದೊಡ್ಡ ಪಟ್ಟಣಗಳ ಒಳಗೂ ಇವೆ. ಇಲ್ಲಿ ನಮ್ಮ ನರಿ ಅಷ್ಟು ಗಟ್ಟಿಯಾಗಲಿಲ್ಲ. ಈ ಹತ್ತು ವರ್ಷದಲ್ಲಿ ನಮ್ಮ ಬೆಟ್ಟದಿಂದ ನಾನು ಅದರ ಕೂಗು ಕೇಳಿಲ್ಲ.

ಹೋದ ಮಾಘದಲ್ಲಿ ಒಂದು ಸಂಜೆ ಅವಳ ಫೋನು ಬಂತು. ಅಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ. “ಚಿಕ್ಕಪ್ಪ, ಕೇಳು” ಎಂದು ಫೋನನ್ನು ಕಿಟಕಿಯ ಹೊರಗೆ ಹಿಡಿದಳು. ಒಂದು ಊಳಿಟ್ಟಿತು, ಇನ್ನೊಂದು ಸೇರಿತು, ಆಮೇಲೆ ಹತ್ತಾರು. ನಾನು ಸ್ಪೀಕರು ಹಾಕಿದೆ. ಜಗಲಿಯ ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದ ದೊಡ್ಡಮ್ಮನಿಗೆ ಈಗ ಯಾರು ಬಂದರು, ಯಾರು ಹೋದರು ಎಂಬ ಎಚ್ಚರ ಕಡಿಮೆ. ಆ ಕೂಗಿಗೆ ಅವರು ತಲೆ ಎತ್ತಿದರು. ಮುಖದಲ್ಲಿ ಹಳೆಯ ಕಳೆ ಬಂತು.

“ನರಿ ಗದ್ದೆಗೆ ಇಳಿದಿದೆ. ಕೋಳಿಗೂಡಿನ ಬಾಗಿಲು ಹಾಕಿದ್ರಾ?”

ಹೂಂ ಎಂದೆ. ಅವರು ನಂಬಲಿಲ್ಲ, ಹೋಗಿ ನೋಡಿ ಬಾ ಎಂದರು. ನಾನು ಗೂಟದಿಂದ ಬ್ಯಾಟರಿ ತೆಗೆದುಕೊಂಡು ಅಂಗಳಕ್ಕೆ ಇಳಿದೆ.