ಹಿಮದಲ್ಲಿ ನಿಂತ ರೈಲು

1974ರ 'ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್' ಚಿತ್ರದ ಬಗ್ಗೆ ಪ್ರೇಕ್ಷಕರ ಜಗಳ ಇನ್ನೂ ಮುಗಿದಿಲ್ಲ. ಆಲ್ಬರ್ಟ್ ಫಿನ್ನಿಯ ಪತ್ತೇದಾರ ಪೊವಾರೋ ಅತಿಯಾಯ್ತು, ಬರೀ ಕೂಗಾಟ ಅನ್ನೋರು ಒಂದು ಕಡೆ. ಅವನೇ ಅಸಲಿ, 2017ರ ಚಿತ್ರದ ಕೆನೆತ್ ಬ್ರಾನಾದು ಬರೀ ಮೀಸೆ ಅನ್ನೋರು ಇನ್ನೊಂದು ಕಡೆ. (ಮೂಲ ಕಾದಂಬರಿ ಬರೆದ ಅಗಾಥಾ ಕ್ರಿಸ್ಟಿಗೆ ಫಿನ್ನಿಯ ನಟನೆ ಹಿಡಿಸಿತ್ತು, ಮೀಸೆ ಮಾತ್ರ ಸಾಲದಾಗಿತ್ತು!) ರೈಲು ಹಿಮದಲ್ಲಿ ಸಿಕ್ಕಿಕೊಂಡ ಮೇಲೆ ಕಥೆಯೂ ಅಲ್ಲೇ ನಿಂತುಬಿಡುತ್ತೆ, ಆಮೇಲೆ ಬರೀ ವಿಚಾರಣೆ ಅನ್ನೋದು ಹಳೇ ದೂರು. ನನಗೆ ಇಷ್ಟವಾಗೋದೇ ಆ ವಿಚಾರಣೆ. ಇಂಗ್ರಿಡ್ ಬರ್ಗ್‌ಮನ್ ಸರದಿಯನ್ನು ನಿರ್ದೇಶಕ ಸಿಡ್ನಿ ಲುಮೆಟ್ ಎಲ್ಲೂ ಕತ್ತರಿಸದೆ ಒಂದೇ ಉದ್ದನೆಯ ಶಾಟ್‌ನಲ್ಲಿ ತೆಗೆದಿದ್ದಾರೆ. ತಡವರಿಕೆ, ಅಂಜಿಕೆ, ಭಕ್ತಿ ಎಲ್ಲ ಆ ಮುಖದಲ್ಲೇ. ಆ ಪಾತ್ರಕ್ಕೆ ಆಸ್ಕರ್ ಬಂತು. ಕೊಲೆಯ ಗುಟ್ಟು ಗೊತ್ತಿದ್ದು ನೋಡಿದರಂತೂ ಈ ದೃಶ್ಯ ಇನ್ನೂ ಮಜಾ.